ಪಾಳಿ ಮುಗಿದ ಮೇಲೂ ತೆರೆದಿರಬೇಕಾದ ಬಾಗಿಲು



ನನ್ನ ಎಡಗಡೆ ಸನ್ನೆ ಭಾಷೆಯ ದುಭಾಷಿಯೊಬ್ಬರು ನಿಂತಿದ್ದಾರೆ. ಓದುವ ಭರದಲ್ಲಿ ನಾನು ಅವರನ್ನು ಹಿಂದೆ ಬಿಟ್ಟು ಹೋದರೆ ಕೈಯೆತ್ತಿ ನಿಲ್ಲಿಸಬೇಕೆಂದು ಮೊದಲೇ ಕೇಳಿಕೊಂಡಿದ್ದೇನೆ. ನೀವೂ ನಿಲ್ಲಿಸಬಹುದು.

ಇವತ್ತಿನ ವಿಷಯ, ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಕಣ್ಣು ಅಥವಾ ಕಿವಿ ಕಳೆದುಕೊಂಡವರಿಗೆ ಸಿಗುವ ನೆರವು. ಮೊದಲು ಮಾತಿನ ಎಲ್ಲೆಯನ್ನು ಹೇಳಿಬಿಡುತ್ತೇನೆ. ಕುರುಡು, ಕಿವುಡು ಎಂದೊಡನೆ ನಮ್ಮ ನಾಡಿನಲ್ಲಿ ಮನಸ್ಸು ಮಕ್ಕಳ ಕಡೆಗೆ, ಶಾಲೆಯ ಕಡೆಗೆ ಹೋಗುತ್ತದೆ. ಅದಕ್ಕೆ ಕಾರಣವಿದೆ. ಮೈಸೂರಿನಲ್ಲಿ ಕಿವುಡ ಮತ್ತು ಕುರುಡ ಮಕ್ಕಳ ಶಾಲೆ ಶುರುವಾದದ್ದು 1901ರಲ್ಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕಟ್ಟಿಕೊಟ್ಟರು. 1965ರಲ್ಲಿ ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬಂತು. ನಮ್ಮ ವೈಟ್‌ಫೀಲ್ಡ್‌ನಲ್ಲಿ ಐಟಿ ಪಾರ್ಕಿನ ಹೆಸರೇ ಇಲ್ಲದ ಕಾಲದಿಂದ ಡಿವೈನ್ ಲೈಟ್ ಅಂಧರ ಶಾಲೆ ನಡೆಯುತ್ತಿದೆ. ಈ ಚರಿತ್ರೆಯನ್ನು ಬಲ್ಲವರು ಹೇಳಿದ್ದಾರೆ, ಮುಂದೆಯೂ ಹೇಳುತ್ತಾರೆ. ನಾನು ಅದನ್ನು ಬದಿಗಿಟ್ಟು ಬೇರೊಬ್ಬರ ಬಗ್ಗೆ ಮಾತಾಡಬೇಕೆಂದಿದ್ದೇನೆ. ಅವರಿಗೆ ಮೂವತ್ತೈದೋ ನಲವತ್ತೈದೋ ವಯಸ್ಸು. ಕಣ್ಣು, ಕಿವಿ ಎರಡೂ ಚೆನ್ನಾಗಿದ್ದಾಗ ಊರು ಬಿಟ್ಟು ಇಲ್ಲಿಗೆ ಬಂದವರು. ಕೆಲಸ ಸಿಕ್ಕಿತು, ಬಾಡಿಗೆ ಮನೆ ಸಿಕ್ಕಿತು, ಮಕ್ಕಳು ಶಾಲೆಗೆ ಸೇರಿದರು. ಆಮೇಲೆ ಒಂದು ಕ್ಷಣದಲ್ಲೋ ಹತ್ತು ವರ್ಷದಲ್ಲೋ ಕಣ್ಣು ಅಥವಾ ಕಿವಿ ಕೈಕೊಟ್ಟಿತು. ಅಂಥವರು ಎಲ್ಲಿಗೆ ಹೋಗಬೇಕು?

ಆಸ್ಪತ್ರೆ ಈ ನಗರದಲ್ಲಿದೆ. ಸಂಸ್ಥೆಗಳಿವೆ. ಕಾನೂನೂ ಇದೆ. ಕಡಿಮೆ ಬಿದ್ದಿರುವುದು ಆಸ್ಪತ್ರೆಯವರು ಮನೆಗೆ ಕಳಿಸಿದ ದಿನಕ್ಕೂ ಮತ್ತೆ ಕೆಲಸಕ್ಕೆ ಹಾಜರಾಗುವ ದಿನಕ್ಕೂ ನಡುವೆ ಬೇಕಾದ ನೆರವು. ಅದು ಇರುವ ಕಡೆಯೂ ದುಡಿಯುವವರ ಮನೆಯಿಂದ ದೂರದಲ್ಲಿದೆ, ಅವರಿಗೆ ರಜೆ ಇದ್ದ ದಿನ ಅದಕ್ಕೂ ರಜೆ. ಇದೇ ಇಂದು ನಾನು ಹೇಳಬೇಕಾದ ಮಾತು. ಕಿವಿ, ಕಣ್ಣು, ಕಂಪ್ಯೂಟರ್ ಮುಂದಿನ ಕೆಲಸ, ಕೊನೆಗೆ ದಾರಿ ಮತ್ತು ದುಡ್ಡು, ಈ ಕ್ರಮದಲ್ಲಿ ಹೋಗುತ್ತೇನೆ. ಕಿವಿಯ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕಣ್ಣಿನ ಬಗ್ಗೆ ಮರುಗುವವರು ಬೇಕಾದಷ್ಟಿದ್ದಾರೆ. ಕಿವಿ ಹೋದವರನ್ನು ಮಾತ್ರ ನಮ್ಮ ಜನ ನೋಡಿ ನಗುತ್ತಾರೆ.

ಪೀಣ್ಯ ಎಪ್ಪತ್ತರ ದಶಕದಲ್ಲಿ ಕೈಗಾರಿಕಾ ಪ್ರದೇಶವಾಗಿ ರೂಪುಗೊಂಡಿತು. ದೊಡ್ಡ ಕಾರ್ಖಾನೆಗಳಿಗಿಂತ ಹೆಚ್ಚಾಗಿ ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳದ್ದೇ ಅಲ್ಲಿನ ಬಾಳು. ಪವರ್ ಪ್ರೆಸ್, ಫೋರ್ಜಿಂಗ್, ಗ್ರೈಂಡಿಂಗ್, ಶೀಟ್ ಮೆಟಲ್, ಮೂಲೆಯಲ್ಲೊಂದು ಕಂಪ್ರೆಸರ್. ಮೇಲೆ ತಗಡಿನ ಛಾವಣಿ, ಸುತ್ತ ಇಟ್ಟಿಗೆ ಗೋಡೆ. ಎದ್ದ ಸದ್ದು ಹೊರಗೆ ಹೋಗದೆ ಅಲ್ಲೇ ಅಪ್ಪಳಿಸಿ ಮತ್ತೆ ಕಿವಿಗೇ ಬರುತ್ತದೆ.

ನಮ್ಮ ಕಾರ್ಖಾನೆ ನಿಯಮಗಳು ಒಪ್ಪಿಕೊಂಡ ಮಿತಿ ದಿನಕ್ಕೆ 8 ಗಂಟೆ, 90 ಡೆಸಿಬಲ್. ಡೆಸಿಬಲ್ ಲೆಕ್ಕ ನಾವು ತರಕಾರಿ ತೂಗುವ ಲೆಕ್ಕವಲ್ಲ. 90ರಿಂದ 100ಕ್ಕೆ ಏರಿತೆಂದರೆ ಕಿವಿಗೆ ಬೀಳುವ ಶಕ್ತಿ ಹತ್ತು ಪಟ್ಟಾಯಿತು ಎಂದರ್ಥ. ಹೊಸದಾಗಿ ಸೇರಿದವರಿಗೆ ಮೊದಲ ದಿನಗಳಲ್ಲಿ ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುತ್ತದೆ, ಬೆಳಗ್ಗೆ ಎದ್ದರೆ ಸರಿಹೋಗಿರುತ್ತದೆ. ಸರಿಹೋಯಿತಲ್ಲ ಎಂಬ ಧೈರ್ಯವೇ ಮುಂದಿನ ಅಪಾಯದ ಮೊದಲ ಮೆಟ್ಟಿಲು. ಒಳಕಿವಿಯಲ್ಲಿ ಸದ್ದನ್ನು ನರಕ್ಕೆ ದಾಟಿಸುವ ಸೂಕ್ಷ್ಮ ರೋಮಕೋಶಗಳಿವೆ. ಅವು ದಣಿದರೆ ಒಂದು ರಾತ್ರಿಯ ವಿಶ್ರಾಂತಿಯಲ್ಲಿ ಚೇತರಿಸಿಕೊಳ್ಳುತ್ತವೆ, ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಸಾಯುವುದು 4,000 ಹರ್ಟ್ಸ್ ಆಸುಪಾಸಿನ ಕೀಚಲು ಸದ್ದನ್ನು ಹಿಡಿಯುವ ಕೋಶಗಳು. ಪ್ರೆಸ್ಸಿನ ಮುಂದೆ ನಿಂತವರಿಗೆ ಹಾಗಾಗಿ ಲಾರಿಯ ಹಾರ್ನ್ ಕೇಳುತ್ತದೆ, ಬಾಗಿಲು ಬಡಿದದ್ದು ಕೇಳುತ್ತದೆ. ಮಾತಿನಲ್ಲಿ ಸ, ಶ, ತ, ಕ ಮುಂತಾದ ವ್ಯಂಜನಗಳು ಮಾತ್ರ ಜಾರಿಹೋಗುತ್ತವೆ. ಕಿವಿ ಪರೀಕ್ಷೆಗೆ ಬಂದ ಪ್ರೆಸ್ ಆಪರೇಟರ್‌ಗಳ ಬಾಯಲ್ಲಿ ಮತ್ತೆ ಮತ್ತೆ ಕೇಳುವ ಮಾತು ಇದು: ‘ಕೇಳ್ಸುತ್ತೆ ಸಾರ್, ಏನಂದ್ರು ಅಂತ ಗೊತ್ತಾಗಲ್ಲ.’ ಮನೆಯವರಿಗೆ ಇದು ಬೇಕಂತಲೇ ಕೇಳಿಸಿಕೊಳ್ಳದ ಹಾಗೆ ಕಾಣುತ್ತದೆ. ಟಿವಿ ಸೌಂಡಿನ ಜಗಳ ಶುರುವಾಗುತ್ತದೆ. ಮದುವೆ, ಮುಂಜಿ, ಸಂಘದ ಮೀಟಿಂಗು ಒಂದೊಂದಾಗಿ ತಪ್ಪುತ್ತವೆ.

ಈಗ ಕಾನೂನನ್ನು ನೋಡೋಣ. 1948ರ ಕಾರ್ಖಾನೆ ಕಾಯ್ದೆ ತನ್ನ ಮೂರನೇ ಅನುಸೂಚಿಯಲ್ಲಿ ಸದ್ದಿನಿಂದ ಬರುವ ಕಿವುಡನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತ್ತು. 1923ರ ಪರಿಹಾರ ಕಾಯ್ದೆಯ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲೂ ಅದಕ್ಕೆ ಜಾಗವಿತ್ತು. ಇಎಸ್‌ಐ ಇದ್ದವರಿಗೆ, ಗಳಿಕೆಯ ಶಕ್ತಿ ಎಷ್ಟು ಕುಂದಿದೆಯೋ ಅಷ್ಟು ಪಾಲಿಗೆ, ಕೂಲಿಯ ಶೇ 90ರ ಲೆಕ್ಕದಲ್ಲಿ ಶಾಶ್ವತ ಪರಿಹಾರವಿದೆ. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿಯೇ ಇದೆ.

ಎಡವಟ್ಟಾಗುವುದು ಪುರಾವೆಯಲ್ಲಿ. ಕೆಲಸಕ್ಕೆ ಸೇರಿದ ದಿನ ಕಿವಿ ಹೇಗಿತ್ತು ಎಂದು ತೋರಿಸುವ ಆಡಿಯೋಗ್ರಾಂ ಇಲ್ಲದಿದ್ದರೆ ಹದಿನೈದು ವರ್ಷದ ಮೇಲೆ ಕಿವಿ ಹೋದದ್ದು ಈ ಶೆಡ್ಡಿನಲ್ಲೇ ಎಂದು ಸಾಧಿಸುವುದು ಹೇಗೆ? ಗುತ್ತಿಗೆಯ ಮೇಲೆ ದುಡಿದವರು ಅಷ್ಟರಲ್ಲಿ ನಾಲ್ಕಾರು ಶೆಡ್ಡು ದಾಟಿರುತ್ತಾರೆ. ಮಧ್ಯೆ ಇಎಸ್‌ಐ ಕಟ್ಟಿದ ವರ್ಷಗಳೂ ಇರುತ್ತವೆ, ಕಟ್ಟದ ವರ್ಷಗಳೂ ಇರುತ್ತವೆ. ಯಾರನ್ನು ಕೇಳಿದರೂ ‘ನಮ್ಮಲ್ಲಿಗೆ ಬರುವಾಗಲೇ ಹಾಗಿತ್ತು’ ಎನ್ನುತ್ತಾರೆ.

ಇನ್ನೊಂದು ಬಾಗಿಲು ಯುಡಿಐಡಿ ಕಾರ್ಡು, ಜನ ಇನ್ನೂ ಅಂಗವಿಕಲ ಸರ್ಟಿಫಿಕೇಟ್ ಎಂದೇ ಕರೆಯುವುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ, ಮಾತಿನ ತರಂಗಾಂತರದಲ್ಲಿ, 60ರಿಂದ 70 ಡೆಸಿಬಲ್ ನಷ್ಟವಾಗಿದ್ದರೆ ಮಂದ ಶ್ರವಣ, 70 ದಾಟಿದರೆ ಕಿವುಡು. ಸದ್ದು ಮೊದಲು ಕೊಲ್ಲುವುದು ಆ ತರಂಗಾಂತರದ ಮೇಲಿನ ತುದಿಯ ಕೇಳುವಿಕೆಯನ್ನು ಮಾತ್ರ. ಪ್ರೆಸ್ ಕೆಲಸದವರು ಹೀಗೆ ಎರಡು ಕಾನೂನುಗಳ ನಡುವಿನ ಸಂದಿಗೆ ಬೀಳುತ್ತಾರೆ. ಪರಿಹಾರಕ್ಕೆ ಸಾಕ್ಷಿ ಸಾಲದು, ಕಾರ್ಡಿಗೆ ಕಿವುಡು ಸಾಲದು.

ಇಲ್ಲೊಂದು ಅನ್ಯಾಯವನ್ನು ರಸ್ತೆಯ ಲೆಕ್ಕದಲ್ಲೇ ತೋರಿಸಬಹುದು. ಜಾಲಹಳ್ಳಿಯಲ್ಲಿ ಬಿಇಎಲ್ ಇದೆ. ಅದು ಸರ್ಕಾರಿ ಕಂಪನಿ. ಸೇವೆಯಲ್ಲಿರುವಾಗ ನೌಕರರಿಗೆ ವೈಕಲ್ಯ ಬಂದರೆ ಅವರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ಹುದ್ದೆ ಇಳಿಸುವ ಹಾಗಿಲ್ಲ, ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು ಎಂದು 2016ರ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ. 1995ರ ಹಳೆಯ ಕಾಯ್ದೆಯಲ್ಲೂ ಈ ರಕ್ಷಣೆ ಇತ್ತು. ಆದರೆ ಅದು ಅನ್ವಯವಾಗುವುದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಅಲ್ಲಿಂದ ಕೂಗಳತೆಯಲ್ಲಿರುವ ಪೀಣ್ಯದ ಶೆಡ್ಡಿನಲ್ಲಿ ಅದೇ ವಯಸ್ಸಿನ, ಅದೇ ಕಿವಿ ಕೆಟ್ಟ ಮನುಷ್ಯನಿಗೆ ಈ ಮಾತಿನಲ್ಲಿ ಒಂದಕ್ಷರವೂ ಸಲ್ಲುವುದಿಲ್ಲ. ಕಿವಿ ಹೋಗುವ ಸಾಧ್ಯತೆ ಎಲ್ಲಿ ಹೆಚ್ಚೋ ರಕ್ಷಣೆ ಅಲ್ಲೇ ಇಲ್ಲ.

ಕಿವಿ ಮಷೀನಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕನ್ನಡಕವನ್ನು ಹಾಕಿಕೊಂಡ ದಿನವೇ ಲೋಕ ತಿಳಿಯಾಗುತ್ತದೆ. ಶ್ರವಣ ಯಂತ್ರ ಹಾಗಲ್ಲ. ಬೇಡದ ಸದ್ದನ್ನೂ ಅದು ಹೆಚ್ಚಿಸಿ ತರುತ್ತದೆ. ಆಡಿಯಾಲಜಿಸ್ಟ್ ಹತ್ತಿರ ಮತ್ತೆ ಮತ್ತೆ ಹೋಗಿ ಹೊಂದಿಸಿಕೊಳ್ಳಬೇಕು, ಕಿವಿಯ ಅಳತೆಗೆ ಅಚ್ಚು ಮಾಡಿಸಬೇಕು, ಚಿಕ್ಕ ಬ್ಯಾಟರಿಯನ್ನು ಒಂದೆರಡು ವಾರಕ್ಕೊಮ್ಮೆ ಬದಲಿಸಬೇಕು, ಬೆವರಿನಿಂದ ಕಾಪಾಡಬೇಕು. ಪ್ರೆಸ್ ಓಡುವ ಕಡೆ ಅದನ್ನು ಹಾಕಿಕೊಳ್ಳುವಂತೆಯೇ ಇಲ್ಲ. ಈ ಹೊಂದಾಣಿಕೆಗೆ ನಗರದಲ್ಲಿ ಒಳ್ಳೆಯ ಜಾಗಗಳಿವೆ. ಲಿಂಗರಾಜಪುರದ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯನ್ನು ಬಲ್ಲವರು ನಿಮ್ಮಲ್ಲಿರಬಹುದು. ಆದರೆ ಪೀಣ್ಯದಿಂದ ಹೆಣ್ಣೂರು ರಸ್ತೆಯ ಬದಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ. ಮೂರು ಸಲ ಹೋಗಬೇಕೆಂದರೆ ಮೂರು ದಿನದ ಕೂಲಿ. ನಡೆಯುವುದೇನೆಂದರೆ, ಶಾಮಿಯಾನ ಹಾಕಿ, ಅತಿಥಿಗಳನ್ನು ಕರೆದು, ಸಾಲಾಗಿ ಕೂರಿಸಿ, ಎಲ್ಲರ ಕಿವಿಗೂ ಒಂದೇ ಬಗೆಯ ಮಷೀನು ಸಿಕ್ಕಿಸಿ ಫೋಟೋ ತೆಗೆಯುತ್ತಾರೆ. ಎರಡು ತಿಂಗಳ ಮೇಲೆ ಆ ಮಷೀನುಗಳು ಬೀರುವಿನಲ್ಲಿ, ಬೆಳ್ಳಿ ಕುಂಕುಮ ಭರಣಿಯ ಪಕ್ಕದಲ್ಲಿರುತ್ತವೆ. ದಾನಿಗಳ ಮನಸ್ಸನ್ನು ನಾನು ಶಂಕಿಸುತ್ತಿಲ್ಲ. ಅವರ ದುಡ್ಡಿನಲ್ಲಿ ಅರ್ಧವನ್ನು ಮಷೀನಿಗೂ ಇನ್ನರ್ಧವನ್ನು ವರ್ಷವಿಡೀ ಭಾನುವಾರ ಕುಳಿತಿರುವ ಒಬ್ಬ ಆಡಿಯಾಲಜಿಸ್ಟ್‌ಗೂ ಇಟ್ಟರೆ ಲಾಭ ಹೆಚ್ಚು ಎನ್ನುತ್ತಿದ್ದೇನೆ.

ಇನ್ನು ಕಣ್ಣಿನ ವಿಚಾರ. ಚಿಕಿತ್ಸೆಯ ಮಟ್ಟಿಗೆ ಹೊರವಲಯ ಬಡವಾಗಿಲ್ಲ. ಚಾಮರಾಜಪೇಟೆಯ ಮಿಂಟೋ ಆಸ್ಪತ್ರೆ ಒಂದೇ ಗತಿಯಾಗಿದ್ದ ಕಾಲ ಹೋಯಿತು. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆ 2001ರಿಂದ ಹಣ ಪಡೆಯದೆ ನೋಡುತ್ತಿದೆ. ಕುಂದಲಹಳ್ಳಿ ಗೇಟಿನ ಬಳಿ ಶಂಕರ ಕಣ್ಣಿನ ಆಸ್ಪತ್ರೆ ಇದೆ, ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರದಲ್ಲಿ ನಾರಾಯಣ ನೇತ್ರಾಲಯ ಇದೆ. ನೇತ್ರದಾನದಲ್ಲಂತೂ ಕನ್ನಡಿಗರು ದೊಡ್ಡ ಮನಸ್ಸು ತೋರಿದ್ದಾರೆ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ಕಣ್ಣು ಕೊಟ್ಟು ಹೋದರು. ಪುನೀತ್ ಅವರ ಎರಡು ಕಾರ್ನಿಯಾಗಳು ನಾಲ್ವರಿಗೆ ಬೆಳಕು ಕೊಟ್ಟಾಗ ರಾಜ್ಯದ ತುಂಬ ನೇತ್ರದಾನಕ್ಕೆ ಹೆಸರು ಬರೆಸುವವರ ಸಾಲು ನಿಂತಿತು.

ಆದರೆ ದಾನದ ಕಣ್ಣಿನಿಂದ ಸರಿಹೋಗುವುದು ಕಾರ್ನಿಯಾದ ಕುರುಡು ಮಾತ್ರ. ಗ್ಲಾಕೋಮಾ ನರವನ್ನು ತಿಂದಿದ್ದರೆ, ಸಕ್ಕರೆ ಕಾಯಿಲೆ ರೆಟಿನಾವನ್ನು ಕೆಡಿಸಿದ್ದರೆ, ಗ್ರೈಂಡಿಂಗ್ ಚೂರು ಕಣ್ಣುಗುಡ್ಡೆಯನ್ನೇ ಸೀಳಿದ್ದರೆ ವೈದ್ಯರು ಒಂದು ದಿನ ‘ಇನ್ನು ಮಾಡೋದಕ್ಕೇನೂ ಇಲ್ಲ’ ಎನ್ನಬೇಕಾಗುತ್ತದೆ. ಆ ಮಾತು ಕೇಳಿ ಹೊರಗೆ ಬಂದವರ ಕೈಯಲ್ಲಿ ಮಾತ್ರೆ ಚೀಟಿ ಇರುತ್ತದೆ, ಮುಂದಿನ ವಿಳಾಸ ಇರುವುದಿಲ್ಲ. ಬಿಳಿ ಕೋಲು ಹಿಡಿದು ರಸ್ತೆ ದಾಟುವುದನ್ನು ಯಾರು ಕಲಿಸುತ್ತಾರೆ? ಉಳಿದ ಚೂರು ದೃಷ್ಟಿಯಲ್ಲಿ ಮೊಬೈಲ್ ಬಳಸುವುದನ್ನು ಯಾರು ತೋರಿಸುತ್ತಾರೆ? ಒಲೆಯ ಮುಂದೆ ನಿಂತು ಮಾಡುವ ಕೆಲಸ? ಇವೆಲ್ಲ ಮಾಡಲು ಏನೇನೋ ಇದೆ ಎಂಬುದಕ್ಕೆ ಪುರಾವೆ.

ದೊಡ್ಡವರಾದ ಮೇಲೆ ಕಣ್ಣು ಹೋದವರಿಗೆ ಬೇರೆಯದೇ ತರಬೇತಿ ಬೇಕೆಂದು ಲೋಕ ಅರಿತದ್ದು ಯುದ್ಧಗಳಿಂದ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಲಂಡನ್ನಿನಲ್ಲಿ ಸೇಂಟ್ ಡನ್ಸ್ಟನ್ಸ್ ಸಂಸ್ಥೆ ಹುಟ್ಟಿತು. ಎರಡನೆಯ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಭಾರತೀಯ ಸಿಪಾಯಿಗಳಿಗಾಗಿ 1943ರಲ್ಲಿ ಡೆಹ್ರಾಡೂನ್‌ನಲ್ಲಿ ಅದೇ ಹೆಸರಿನ ವಸತಿಗೃಹ ಬಂತು. ಮೊದಲ ಯುದ್ಧದ ಕಾಲಕ್ಕೆ ಗ್ಯಾಲಿಪೊಲಿಯಲ್ಲಿ ಸ್ವತಃ ಕಣ್ಣು ಕಳೆದುಕೊಂಡಿದ್ದ ಕ್ಲೂಥಾ ಮೆಕೆಂಜಿ ಅದನ್ನು ನಡೆಸಿದರು. ಇಂದು ಬಳಸುವ ಉದ್ದನೆಯ ಬಿಳಿ ಕೋಲು, ಅದನ್ನು ಬೀಸಿ ನಡೆಯುವ ಪದ್ಧತಿ, ಎರಡೂ ಅಮೆರಿಕದ ಸೈನಿಕ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ ಅವರ ಕೈಯಲ್ಲಿ ಎರಡನೆಯ ಯುದ್ಧದ ಕಾಲದಲ್ಲಿ ರೂಪುಗೊಂಡವು. ಸಿಪಾಯಿಗೆ ಕಣ್ಣು ಹೋದರೆ ದೇಶ ಋಣ ತೀರಿಸಬೇಕೆಂದು ಎಲ್ಲರೂ ಒಪ್ಪಿದರು. ಕಾರ್ಖಾನೆಯಲ್ಲಿ ಕಣ್ಣು ಹೋದವರ ಬಗ್ಗೆ ಅಂಥ ಒಮ್ಮತ ಇನ್ನೂ ಹುಟ್ಟಿಲ್ಲ.

ಒಂದು ಕಣ್ಣು ಹೋದವರ ಕಥೆ ಇನ್ನೂ ಇಕ್ಕಟ್ಟಿನದು. ಪರಿಹಾರ ಕಾಯ್ದೆ ಒಂದು ಕಣ್ಣಿನ ದೃಷ್ಟಿಗೆ ಶೇ 30, ಕಣ್ಣನ್ನೇ ತೆಗೆದರೆ ಶೇ 40 ಎಂದು ಗಳಿಕೆಯ ನಷ್ಟ ಕಟ್ಟುತ್ತಿತ್ತು. ವೈಕಲ್ಯ ಪ್ರಮಾಣಪತ್ರದ ಲೆಕ್ಕದಲ್ಲಿ ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಶೇ 30. ಸೌಲಭ್ಯಗಳಿಗೆ ಬೇಕಾದದ್ದು ಶೇ 40. ಒಂದು ಕಣ್ಣಿನಿಂದ ಆಳ, ದೂರದ ಅಂದಾಜು ಸಿಗದೆ ಲೇತ್ ಮುಂದೆ ನಿಲ್ಲಲಾಗದವರು ಕಾನೂನಿನ ಕಣ್ಣಿಗೆ ಅಂಗವಿಕಲರಲ್ಲ, ಮಾಲೀಕರ ಕಣ್ಣಿಗೆ ಕೆಲಸಗಾರರೂ ಅಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗಲು ಅಪ್ಪಣೆ ಬೇಕು. ಪೀಣ್ಯದ ಈ ಬದಿಯಲ್ಲೇ ಎಚ್‌ಎಂಟಿ ಇತ್ತು. ದೇಶಕ್ಕೆಲ್ಲ ಗಂಟೆ ತೋರಿಸಿದ ಆ ಕಂಪನಿ ಅಂಧರಿಗಾಗಿ ಬ್ರೈಲ್ ಕೈಗಡಿಯಾರವನ್ನೂ ಮಾಡಿತ್ತು. ಗಾಜಿನ ಮುಚ್ಚಳ ಎತ್ತಿ ಮುಳ್ಳನ್ನೂ ಉಬ್ಬು ಚುಕ್ಕಿಗಳನ್ನೂ ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯಬಹುದಿತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಲಾಭದ ಲೆಕ್ಕ ಅದೇನೇ ಇರಲಿ, ಈ ಪ್ರದೇಶದ ಕಾರ್ಖಾನೆಯೊಂದು ಕಣ್ಣಿಲ್ಲದವರನ್ನು ಗಿರಾಕಿಗಳೆಂದು ಎಣಿಸಿ ಅವರಿಗೆ ಒಪ್ಪುವ ವಸ್ತು ಮಾಡಿತ್ತು ಎಂಬುದನ್ನು ಪೀಣ್ಯದ ಎಂಜಿನಿಯರುಗಳು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಮೂರನೆಯ ಭಾಗಕ್ಕೆ ಬರುತ್ತೇನೆ. ಪೀಣ್ಯ ಬಿಟ್ಟು ನಗರದ ಆಚೆ ತುದಿಗೆ ಹೋಗೋಣ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಕಣ್ಣಿಲ್ಲದವರ ಉದ್ಯೋಗದ ಚಿತ್ರವೇ ಬದಲಾಗಿದೆ. ಹಿಂದೆ ಓದಿದ ಅಂಧರಿಗೆ ಬ್ಯಾಂಕು, ಸರ್ಕಾರಿ ಕಚೇರಿಯ ಟೆಲಿಫೋನ್ ಆಪರೇಟರ್ ಕೆಲಸ, ಸಂಗೀತ ಪಾಠ, ಇಲ್ಲವೇ ಕುರ್ಚಿ ಹೆಣೆಯುವುದು. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಂದ ಮೇಲೆ ಪ್ರೋಗ್ರಾಂ ಬರೆಯುವವರು, ಸಾಫ್ಟ್‌ವೇರ್ ಪರೀಕ್ಷಿಸುವವರು, ಲೆಕ್ಕಪತ್ರ ನೋಡುವವರು ಅವರಲ್ಲಿ ಹುಟ್ಟಿಕೊಂಡರು. ಜಾಸ್ ಎಂಬ ಸ್ಕ್ರೀನ್ ರೀಡರ್ ದುಬಾರಿ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್, ಕಣ್ಣಿಲ್ಲದ ತರುಣ, ಎನ್‌ವಿಡಿಎ ಬರೆಯಲು ಶುರುಮಾಡಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಅದು ಕನ್ನಡವನ್ನೂ ಓದುತ್ತದೆ.

ಈ ಕೆಲಸಕ್ಕೆ ಜನರನ್ನು ತಯಾರು ಮಾಡಿದ ಸಂಸ್ಥೆಗಳನ್ನು ಹೆಸರಿಸಲೇಬೇಕು. ಸ್ವತಃ ದೃಷ್ಟಿಯಿಲ್ಲದ ಮಧು ಸಿಂಘಾಲ್ 1990ರಲ್ಲಿ ಮಿತ್ರಜ್ಯೋತಿ ಕಟ್ಟಿದರು, ಧ್ವನಿಪುಸ್ತಕ, ಬ್ರೈಲ್ ಮುದ್ರಣ ಅಲ್ಲಿ ನಡೆದವು. ದೃಷ್ಟಿಯಿಲ್ಲದ ಮಹಾಂತೇಶ ಕಿವಡಸಣ್ಣವರ್ 1997ರಲ್ಲಿ ಸಮರ್ಥನಂ ಕಟ್ಟಿದರು. 2012ರಲ್ಲಿ ಬೆಂಗಳೂರಿನಲ್ಲೇ ನಡೆದ ಅಂಧರ ಟಿ20 ವಿಶ್ವಕಪ್ಪನ್ನು ನಮ್ಮ ಶಿವಮೊಗ್ಗ ಜಿಲ್ಲೆಯ ಶೇಖರ ನಾಯ್ಕ ನಾಯಕತ್ವದಲ್ಲಿ ಭಾರತ ಗೆದ್ದದ್ದು ನಿಮಗೆ ನೆನಪಿದೆ, ಅದರ ಹಿಂದೆಯೂ ಇವರಿದ್ದರು. ತಮ್ಮನ ದೃಷ್ಟಿ ಹೋದದ್ದನ್ನು ಹತ್ತಿರದಿಂದ ಕಂಡ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ 1999ರಲ್ಲಿ ಎನೇಬಲ್ ಇಂಡಿಯಾ ಶುರುಮಾಡಿದರು. ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಕರೆ ಬಂದು ಕನ್ನಡದಲ್ಲೇ ಉದ್ಯೋಗದ, ಯೋಜನೆಯ ಸುದ್ದಿ ಕೇಳಬಹುದಾದ, ತಮ್ಮ ಮಾತನ್ನೂ ದಾಖಲಿಸಬಹುದಾದ ‘ನಮ್ಮ ವಾಣಿ’ ಅವರದು. ಸ್ಮಾರ್ಟ್‌ಫೋನ್ ಇಲ್ಲದವರಿಗೆ, ಓದು ಬಾರದವರಿಗೆ ಇದಕ್ಕಿಂತ ಹತ್ತಿರದ ಸೇವೆ ನಾನು ಕಂಡಿಲ್ಲ.

ಈ ಸಂಸ್ಥೆಗಳು ಇರುವ ಜಾಗ ನೋಡಿ. ಎಚ್‌ಎಸ್‌ಆರ್ ಲೇಔಟ್, ಕೋರಮಂಗಲ. ಅಂಧರ ರಾಷ್ಟ್ರೀಯ ಸಂಘದ ರಾಜ್ಯ ಶಾಖೆ ಜೀವನ್ ಬಿಮಾ ನಗರದಲ್ಲಿ, ರಮಣ ಮಹರ್ಷಿ ಅಂಧರ ಅಕಾಡೆಮಿ ಜೆ.ಪಿ. ನಗರದಲ್ಲಿ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಇವು ಹೇಗೋ ಎಟುಕುತ್ತವೆ. ಪೀಣ್ಯದವರ ಪಾಲಿಗೆ ಇಡೀ ಊರನ್ನು ಅಡ್ಡ ಹಾಯುವ ಪಯಣ. ಕಣ್ಣು ಹೋಗಿ ಇನ್ನೂ ಕೋಲು ಹಿಡಿಯಲು ಬಾರದವರು ಕೋಲು ಹಿಡಿಯುವುದನ್ನು ಕಲಿಯಲು ಮೊದಲು ಅಲ್ಲಿಗೆ ಹೋಗಿ ತಲುಪಬೇಕು!

ಕನ್ನಡದ ತೊಡಕು ಬೇರೆಯೇ ಇದೆ. ಸ್ಕ್ರೀನ್ ರೀಡರ್ ಯೂನಿಕೋಡ್ ಕನ್ನಡವನ್ನು ಓದುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಆದೇಶ ಸಿಕ್ಕರೆ ಅದಕ್ಕೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಅದನ್ನೇ ನಿಷ್ಠೆಯಿಂದ ಉಸುರುತ್ತದೆ. ಕಾಗದವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದರೆ ಅಲ್ಲಿ ಬರೀ ಮೌನ. ವಿಕಲಚೇತನರಿಗಾಗಿಯೇ ಹೊರಡಿಸಿದ ಸುತ್ತೋಲೆಯನ್ನು ಅವರೇ ಓದಲಾಗದ ಪ್ರಸಂಗಗಳು ಹೀಗೆ ಹುಟ್ಟುತ್ತವೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ.ಜಿ. ರಾಮಕೃಷ್ಣನ್ ಮತ್ತು ಸಂಗಡಿಗರು ಮುದ್ರಿತ ಕನ್ನಡವನ್ನು ಗುರುತಿಸುವ ‘ಲಿಪಿ ಜ್ಞಾನಿ’ ತಂತ್ರಾಂಶ ರೂಪಿಸಿದ್ದಾರೆ. ಅಚ್ಚಾದ ಪುಸ್ತಕವನ್ನು ಧ್ವನಿಗೋ ಬ್ರೈಲ್‌ಗೋ ತರಲು ಅಂಥ ತಂತ್ರಾಂಶ ಬೇಕೇ ಬೇಕು. ಆದರೆ ಹೊಸದಾಗಿ ಟೈಪಿಸುವ ಕಾಗದಕ್ಕೂ ಅದರ ಹಂಗು ಏಕೆ? ಯೂನಿಕೋಡ್‌ನಲ್ಲಿ ಟೈಪಿಸಿದರೆ ಮುಗಿಯಿತು. ಇದಕ್ಕೆ ಅನುದಾನ ಬೇಡ, ಸಮಿತಿಯೂ ಬೇಡ.

ಕಿವಿ ಕೇಳದ ನೌಕರರ ಪರಿಸ್ಥಿತಿ ಬೇರೆ. ಗಾರ್ಮೆಂಟ್ಸ್, ಬಿಡಿಭಾಗ ಜೋಡಣೆ, ಗೋದಾಮು, ಹೋಟೆಲುಗಳಲ್ಲಿ ಅವರಿಗೆ ಕೆಲಸ ಸಿಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಮುಂದೆ ಗಡಿ ದಾಟಿದರೆ ಹೊಸೂರಿನ ಟೈಟಾನ್ ಕಾರ್ಖಾನೆ ಆರಂಭದ ವರ್ಷಗಳಿಂದಲೂ ವಿಕಲಚೇತನರನ್ನು ಸೇರಿಸಿಕೊಂಡ ಹೆಸರು ಪಡೆದಿದೆ. ಸಿಕ್ಕ ಕೆಲಸದಲ್ಲಿ ಉಳಿಯುವುದು, ಮೇಲೇರುವುದು ಕಷ್ಟ. ಸೂಪರ್‌ವೈಸರ್ ಸಿಟ್ಟಿನಲ್ಲಿ ಏನೋ ಹೇಳುತ್ತಾರೆ, ತುಟಿ ಮಾತ್ರ ಅಲ್ಲಾಡುತ್ತದೆ. ಸುರಕ್ಷತೆಯ ತರಬೇತಿ ಮೈಕಿನಲ್ಲಿ ನಡೆಯುತ್ತದೆ. ಬೆಂಕಿಯ ಸೈರನ್ ಕೂಗಿದರೆ ಅಕ್ಕಪಕ್ಕದವರು ಓಡುವುದನ್ನು ನೋಡಿ ಓಡಬೇಕು. ಮಿನುಗುವ ದೀಪದ ಅಲಾರಂ, ಫೋರ್ಕ್‌ಲಿಫ್ಟ್ ಮೇಲೊಂದು ಸುತ್ತುವ ದೀಪ, ಇವು ದೊಡ್ಡ ಖರ್ಚಿನ ಬಾಬತ್ತಲ್ಲ. ಪ್ರೆಸ್ ಶೆಡ್ಡಿನಲ್ಲಿ ಇಯರ್ ಪ್ಲಗ್ ಹಾಕಿಕೊಂಡವರಿಗೂ ಅದೇ ದೀಪ ಕಾವಲು.

ಕೆಲಸದ ಆಚೆ ಇನ್ನೂ ಕಷ್ಟ. ಬ್ಯಾಂಕು, ಪೊಲೀಸ್ ಠಾಣೆ, ಪಿಎಫ್ ಕಚೇರಿ, ಹೆರಿಗೆ ವಾರ್ಡು, ಎಲ್ಲಿ ಹೋದರೂ ದುಭಾಷಿ ಬೇಕು. ಹೆಚ್ಚಾಗಿ ಆ ಕೆಲಸ ಮನೆಯ ಮಗುವಿನ ಮೇಲೆ ಬೀಳುತ್ತದೆ. ತಾಯಿಯ ಕಾಯಿಲೆಯ ವಿವರವನ್ನು ಎಂಟು ವರ್ಷದ ಮಗಳು ಡಾಕ್ಟರಿಗೆ ಹೇಳಬೇಕು. ಭಾರತೀಯ ಸನ್ನೆ ಭಾಷೆಯ ಸಂಶೋಧನೆ, ತರಬೇತಿಗೆ ದೆಹಲಿಯಲ್ಲಿ ಕೇಂದ್ರ ಬಂದದ್ದೇ 2015ರಲ್ಲಿ. ದುಭಾಷಿ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ಓದಿದ ವಕೀಲೆ ಸಾರಾ ಸನ್ನಿ ತೋರಿಸಿದ್ದಾರೆ. ಕಿವಿ ಕೇಳದ ಅವರು 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ, 2024ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಮುಂದೆ ದುಭಾಷಿಯ ಮೂಲಕ ವಾದ ಮಂಡಿಸಿದರು. ಹೈಕೋರ್ಟಿನಲ್ಲಿ ಆದದ್ದು ಇಎಸ್‌ಐ ಕೌಂಟರಿನಲ್ಲಿ ಆಗದು ಎನ್ನಲು ನನಗಂತೂ ಕಾರಣ ಕಾಣುವುದಿಲ್ಲ.

ಕೊನೆಯದಾಗಿ ದಾರಿ ಮತ್ತು ದುಡ್ಡು. ದಾರಿಯ ಮಾತನ್ನು ಬೇಗ ಮುಗಿಸುತ್ತೇನೆ. ಪೀಣ್ಯಕ್ಕೆ ಮೆಟ್ರೊ 2014ರಲ್ಲಿ ಬಂತು, ವೈಟ್‌ಫೀಲ್ಡ್‌ಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ. ನಿಲ್ದಾಣದೊಳಗೆ ಕಾಲಿಗೆ ತಿಳಿಯುವ ಉಬ್ಬು ಹಾಸುಗಲ್ಲಿದೆ, ಲಿಫ್ಟ್ ಇದೆ, ಕನ್ನಡದಲ್ಲಿ ಘೋಷಣೆ ಇದೆ. ಮೆಟ್ಟಿಲಿಳಿದು ಹೊರಗೆ ಬಂದರೆ ಉಬ್ಬುಗಲ್ಲು ಅಲ್ಲಿಗೇ ಮುಗಿಯುತ್ತದೆ. ಮುಂದೆ ತೆರೆದ ಚರಂಡಿ, ಫುಟ್‌ಪಾತ್ ಮೇಲೆ ನಿಂತ ಬೈಕು, ಟ್ರಾನ್ಸ್‌ಫಾರ್ಮರ್. ಬರುತ್ತಿರುವ ಬಸ್ಸಿನ ನಂಬರನ್ನು ಧ್ವನಿಯಲ್ಲಿ ತಿಳಿಸುವ, ಐಐಟಿ ದೆಹಲಿಯವರ ‘ಆನ್‌ಬೋರ್ಡ್’ ಸಾಧನವನ್ನು ಬಿಎಂಟಿಸಿ ಕೆಲವು ಬಸ್ಸುಗಳಲ್ಲಿ ಪ್ರಯೋಗಕ್ಕೆ ಹಾಕಿತ್ತು. ಎಲ್ಲ ಬಸ್ಸುಗಳಿಗೂ ಹಾಕಲು ಬೇಕಿರುವುದು ಮನಸ್ಸು.

ದುಡ್ಡಿನ ವಿಷಯದಲ್ಲಿ ಹೊಸ ನಿಧಿ ಕೇಳುವ ಅಗತ್ಯವೇ ಇಲ್ಲ ಎಂಬುದು ನನ್ನ ವಾದ. ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ವರಮಾನದ ಶೇ 5ನ್ನು ವಿಕಲಚೇತನರಿಗೆ ಮೀಸಲಿಡಬೇಕು. ಆನೇಕಲ್ ತಾಲ್ಲೂಕಿನಲ್ಲಿ, ಬೆಂಗಳೂರು ಪೂರ್ವದಲ್ಲಿ ಅಪಾರ್ಟ್‌ಮೆಂಟು, ಕಾರ್ಖಾನೆಗಳ ತೆರಿಗೆ ಬರುವ ಪಂಚಾಯಿತಿಗಳು ಬಡ ಪಂಚಾಯಿತಿಗಳಲ್ಲ. ಈ ಹಣ ಹೆಚ್ಚಾಗಿ ಒಂದಿಷ್ಟು ತ್ರಿಚಕ್ರ ವಾಹನ, ಹೊಲಿಗೆ ಯಂತ್ರವಾಗಿ ಮುಗಿದುಹೋಗುತ್ತದೆ. ನಾಲ್ಕು ಪಂಚಾಯಿತಿ ಸೇರಿ ಒಬ್ಬ ಚಲನವಲನ ತರಬೇತುದಾರರನ್ನು ಇಟ್ಟುಕೊಂಡರೆ ಹೇಗೆ? ಎಲೆಕ್ಟ್ರಾನಿಕ್ ಸಿಟಿ 2013ರಿಂದ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಹೊಂದಿದೆ, ರಸ್ತೆ, ಪಾದಚಾರಿ ಮಾರ್ಗ ಅದರ ಕೈಯಲ್ಲೇ ಇವೆ, ಉಬ್ಬುಗಲ್ಲನ್ನು ನಿಲ್ದಾಣದ ಆಚೆಗೂ ಅದು ಹಾಸಬಹುದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಎಂಬ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಅವರಲ್ಲಿ ಅನೇಕರು ಸ್ವತಃ ವಿಕಲಚೇತನರು, ಸಣ್ಣ ಗೌರವಧನಕ್ಕೆ ದುಡಿಯುವವರು. ಪಿಂಚಣಿ ಅರ್ಜಿ ಬರೆಸುವುದರಲ್ಲೇ ಅವರ ದಿನ ಕಳೆಯುತ್ತದೆ. ಆಸ್ಪತ್ರೆಯಿಂದ ಹೊರಬಂದವರ ಹೆಸರು ಅವರಿಗೆ ತಲುಪುವಂತಾದರೆ ನಾನು ಹೇಳಿದ ನಡುವಿನ ಕೊಂಡಿ ಅರ್ಧ ಬೆಸೆದಂತೆ. ಬಿಹಾರ, ಒಡಿಶಾ, ಅಸ್ಸಾಂಗಳಿಂದ ಬಂದವರಿಗೆ ಮಾತ್ರ ರಾಜ್ಯದ ವಾಸಿ ಎಂಬ ದಾಖಲೆಯಿಲ್ಲದೆ ಈ ಬಾಗಿಲುಗಳೂ ಮುಚ್ಚಿರುತ್ತವೆ. ಇಂದು ಪ್ರೆಸ್ ಮುಂದೆ ನಿಂತವರಲ್ಲಿ ಅವರೇ ಬಹಳ ಮಂದಿ. ಹಾಗಾಗಿ ಅವರಿಗೆ ಉಳಿಯುವ ಆಸರೆ ಇಎಸ್‌ಐ ಒಂದೇ. ಅದರ ವೇತನ ಮಿತಿ ಸಾಮಾನ್ಯರಿಗೆ ತಿಂಗಳಿಗೆ 21,000 ರೂಪಾಯಿ, ವಿಕಲಚೇತನರಿಗೆ 25,000.

ಕಂಪನಿಗಳಿಗೂ ಒಂದು ಮಾತು. ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು, 20 ಅಥವಾ ಹೆಚ್ಚು ನೌಕರರಿದ್ದರೆ ಅದರಲ್ಲಿ ಸಂಪರ್ಕಾಧಿಕಾರಿಯ ನೇಮಕವೂ ಇರಬೇಕು ಎನ್ನುತ್ತವೆ 2016ರ ಕಾಯ್ದೆ ಮತ್ತು ಅದರ ನಿಯಮಗಳು. ನಿಮ್ಮ ಕಾರ್ಖಾನೆಯಲ್ಲಿ ಆ ಅಧಿಕಾರಿ ಯಾರು ಎಂದು ನಾಳೆ ಕೇಳಿ ನೋಡಿ. ದುಭಾಷಿಯನ್ನು ಒಂದು ಸಣ್ಣ ಶೆಡ್ಡು ಸಾಕಲಾರದು, ನಿಜ. ಕೈಗಾರಿಕಾ ಸಂಘ ಸಾಕಬಲ್ಲದು. ಹತ್ತು ಹದಿನೈದು ಘಟಕಗಳ ನಡುವೆ ಒಬ್ಬರು, ವಾರದಲ್ಲಿ ಒಂದು ದಿನ ಇಎಸ್‌ಐ ಆಸ್ಪತ್ರೆಯಲ್ಲಿ.

ಪೀಣ್ಯದ ಇಎಸ್‌ಐ ಆಸ್ಪತ್ರೆಯಲ್ಲಿ, ಜೊತೆಗೆ ಡಿಸ್ಪೆನ್ಸರಿಗಳಲ್ಲಿ, ಭಾನುವಾರ ಬೆಳಗ್ಗೆ ಕಿವಿ ಪರೀಕ್ಷೆ ಮತ್ತು ಮಷೀನು ಹೊಂದಿಸುವ ಸೇವೆ ಶುರುವಾಗಲಿ ಎಂದು ಈ ವೇದಿಕೆಯಿಂದ ಕೇಳುತ್ತೇನೆ. ಅದು ಬರುವವರೆಗೂ ಕಾರ್ಮಿಕ ಸಂಘಗಳು ಮಾಡಬಹುದಾದ ಒಂದು ಕೆಲಸವಿದೆ. ಕೆಲಸಕ್ಕೆ ಸೇರುವಾಗ ಆಡಿಯೋಗ್ರಾಂ ತೆಗೆಸಿ, ಅದರ ಒಂದು ಪ್ರತಿಯನ್ನು ಕಾರ್ಖಾನೆಯ ಕಡತಕ್ಕೂ ಇನ್ನೊಂದನ್ನು ಕೆಲಸಗಾರರ ಕೈಗೂ ಕೊಡಬೇಕೆಂದು ಒಪ್ಪಂದದಲ್ಲಿ ಬರೆಸುವುದು. ಶೆಡ್ಡು ಬದಲಾದರೂ, ಗುತ್ತಿಗೆದಾರ ಬದಲಾದರೂ, ಊರು ಬಿಟ್ಟು ಬೇರೆ ಊರಿಗೆ ಹೋದರೂ ಆ ಹಾಳೆ ಆಧಾರ್ ಕಾರ್ಡಿನ ಜೊತೆ ಅವರ ಬಳಿಯೇ ಇರಲಿ. ಪ್ರತಿ ವರ್ಷ ಅದರ ಕೆಳಗೆ ಇನ್ನೊಂದು ಹಾಳೆ ಸೇರಲಿ. 4,000 ಹರ್ಟ್ಸ್‌ನ ಗೆರೆ ಮೊದಲ ಸಲ ಕೆಳಗಿಳಿದ ವರ್ಷವೇ ಅವರನ್ನು ಪ್ರೆಸ್ಸಿನಿಂದ ಪ್ಯಾಕಿಂಗ್‌ಗೋ ಸ್ಟೋರ್ಸ್‌ಗೋ ಕಳಿಸಲು ಸಾಧ್ಯ, ಮಾತು ಕೇಳುವ ಕಿವಿ ಆಗಿನ್ನೂ ಉಳಿದಿರುತ್ತದೆ.